ಶಾಲು ಸಾಕು, ನಾಡಿ ಹಿಡಿದು ನೋಡಿ

ಜನವರಿ 26, ಜುಲೈ 26ರ ಕಾರ್ಗಿಲ್ ವಿಜಯ ದಿವಸ, ಆಗಸ್ಟ್ 15, ಸೆಪ್ಟೆಂಬರ್ 17: ವರ್ಷದ ಈ ನಾಲ್ಕು ದಿನ ನಮ್ಮ ಬೀದರ ಜಿಲ್ಲೆಯ ಮಾಜಿ ಸೈನಿಕರಿಗೆ ಶಾಲು-ಹಾರಗಳ ಕೊರತೆಯಿಲ್ಲ. ಉಳಿದ 361 ದಿನ ಅವರ ರಕ್ತದೊತ್ತಡ ಎಷ್ಟಿದೆ, ಕಣ್ಣಿನ ಪೊರೆ ತೆಗೆಸಿದರೋ ಇಲ್ಲವೋ, ರಾತ್ರಿ ನಿದ್ದೆ ಹತ್ತುವುದೋ ಇಲ್ಲವೋ ಎಂದು ವಿಚಾರಿಸುವವರು ವಿರಳ. ಹೀಗೆ ಬರೆದರೆ ಸಂಘಗಳ ಪದಾಧಿಕಾರಿಗಳಾಗಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಬೇಸರವಾದೀತು. ಆಗಲಿ. ತರಗತಿಯಲ್ಲೂ ನಾನು ನಿಮ್ಮನ್ನು ಸಂತೋಷಪಡಿಸುವ ಉದ್ಯೋಗದಲ್ಲಿರಲಿಲ್ಲ!

ಇಂಥ ಸಮಾರಂಭಗಳನ್ನು ಬೀದರದಲ್ಲಿಯೂ ಭಾಲ್ಕಿಯಲ್ಲಿಯೂ ಕಂಡಿದ್ದೇನೆ. ಮುಖ್ಯ ಅತಿಥಿಗಳು ಬರುವವರೆಗೆ ಎಂಬತ್ತು ದಾಟಿದ ಹಿರಿಯರು ಶಾಮಿಯಾನದಡಿ ಕಾಯುತ್ತ ಕುಳಿತಿರುತ್ತಾರೆ. ಮೂತ್ರಬಾಧೆಯಾದರೂ ಏಳಲು ಸಂಕೋಚ. ಯಾರಾದರೂ ಆರೋಗ್ಯ ಹೇಗಿದೆಯೆಂದರೆ, ಬೆನ್ನು ನೆಟ್ಟಗೆ ಮಾಡಿಕೊಂಡು "ಸಬ್ ಠೀಕ್ ಹೈ" ಎನ್ನುತ್ತಾರೆ. ಅದು ಕವಾಯತು ಮೈದಾನದ ಉತ್ತರ, ವೈದ್ಯನಿಗೆ ಕೊಡುವ ಉತ್ತರವಲ್ಲ. ತೋಪಿನ ಪಕ್ಕದಲ್ಲಿ ವರ್ಷಗಟ್ಟಲೆ ನಿಂತು ಕಿವಿ ಮಂದವಾದವನಿಗೆ ನಿಮ್ಮ ಪ್ರಶ್ನೆ ಕೇಳಿಸಿತೋ ಇಲ್ಲವೋ, ಅದೂ ಸಂದೇಹವೇ.

"ಚಿಕಿತ್ಸೆಗೆ ಸರ್ಕಾರದ ಯೋಜನೆಯಿದೆಯಲ್ಲ ಸರ್, ಸಂಘವೇನು ಮಾಡಬೇಕು?" ಎಂದು ಒಬ್ಬರು ನನ್ನನ್ನು ಕೇಳಿದರು. ಯೋಜನೆ ನಿಜವಾಗಿಯೂ ಇದೆ. ಮಾಜಿ ಸೈನಿಕರ ವಂತಿಗೆ ಆರೋಗ್ಯ ಯೋಜನೆ, ಅಂದರೆ ಇ.ಸಿ.ಎಚ್.ಎಸ್., 2003ರ ಏಪ್ರಿಲ್ 1ರಂದು ಆರಂಭವಾಯಿತು. ಪಿಂಚಣಿದಾರನಿಗೂ ಅವನ ಪತ್ನಿಗೂ ಅದರಲ್ಲಿ ಸ್ಥಾನವಿದೆ. 1996ಕ್ಕೆ ಮೊದಲು ನಿವೃತ್ತರಾದವರಿಗೆ ವಂತಿಗೆಯೂ ಇಲ್ಲ. 75 ತುಂಬಿದವರು ಪಾಲಿಕ್ಲಿನಿಕ್ಕಿನ ಶಿಫಾರಸು ಪತ್ರವಿಲ್ಲದೆಯೇ ಒಪ್ಪಂದದ ಆಸ್ಪತ್ರೆಯಲ್ಲಿ ತಜ್ಞರನ್ನು ಕಾಣಬಹುದು. ಎದೆನೋವು ಬಂದು ಒಪ್ಪಂದವಿಲ್ಲದ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ, 48 ಗಂಟೆಗಳೊಳಗೆ ಪಾಲಿಕ್ಲಿನಿಕ್ಕಿಗೆ ತಿಳಿಸಿ ಬಳಿಕ ವೆಚ್ಚವನ್ನು ಕೇಳಬಹುದು. ಆದರೆ ಈ 48 ಗಂಟೆಯ ನಿಯಮ ಗೊತ್ತಿರಬೇಕಾದದ್ದು ಯಾರಿಗೆ? ಪ್ರಜ್ಞೆ ತಪ್ಪಿ ಮಲಗಿರುವ ಹವಾಲ್ದಾರನಿಗಲ್ಲ, ಅವನನ್ನು ನಡುರಾತ್ರಿ ಜೀಪಿಗೆ ಹತ್ತಿಸುವ ಮಗನಿಗೆ, ಸೊಸೆಗೆ. ಈ ಮಾತನ್ನು ಮನೆಮನೆಗೆ ಹೋಗಿ ಹೇಳಲು ದಿಲ್ಲಿಯಿಂದ ಯಾರೂ ಬರುವುದಿಲ್ಲ. ಸಂಘದ ಕೆಲಸ ಶುರುವಾಗುವುದೇ ಇಲ್ಲಿಂದ.

ಔರಾದ ತಾಲೂಕನ್ನೇ ನೋಡಿ. ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಭಾಲ್ಕಿಗೆ ರೈಲಾದರೂ ಇದೆ, ಔರಾದಕ್ಕೆ ಅದೂ ಇಲ್ಲ. ಗಡಿಯ ಹಳ್ಳಿಯ ವೃದ್ಧನಿಗೆ ತಜ್ಞವೈದ್ಯರೆಂದರೆ ಬೀದರ, ಅಲ್ಲಿ ಆಗದಿದ್ದರೆ ಹೈದರಾಬಾದು. ಮಂಡಿನೋವಿನವನು ಬಸ್ಸಿನ ಮೆಟ್ಟಿಲು ಹತ್ತಲಾರ. ಮಗ ಪುಣೆಯಲ್ಲೋ ಹೈದರಾಬಾದಿನಲ್ಲೋ ದುಡಿಯುತ್ತಿರುತ್ತಾನೆ. ಹೀಗಾಗಿ ಗುಳಿಗೆ ಮುಗಿದರೂ "ಮುಂದಿನ ವಾರ ನೋಡೋಣ" ಎಂದು ದಿನ ದೂಡುತ್ತಾನೆ. ರಕ್ತದೊತ್ತಡಕ್ಕೆ ಮುಂದಿನ ವಾರ ಎಂಬುದು ತಿಳಿಯದು. ಜೊತೆಯಲ್ಲಿ ಒಬ್ಬರು ಹೋಗಿ ಬಂದಿದ್ದರೆ ಲಕ್ವ ಹೊಡೆಯುವುದನ್ನು ತಪ್ಪಿಸಬಹುದಿತ್ತು ಎನಿಸುವ ಪ್ರಸಂಗಗಳು ನಿಮ್ಮ ಊರಿನಲ್ಲಿಯೂ ಇದ್ದಾವು.

ವಿಧವೆಯರ ಪಾಡು ಇನ್ನೂ ಹಿಂದೆ ಉಳಿದಿದೆ. ಗಂಡ ತೀರಿದ ಮೇಲೆ ಸಂಘದ ಆಮಂತ್ರಣ ಪತ್ರಿಕೆಯೂ ಆ ಮನೆಗೆ ಹೋಗುವುದಿಲ್ಲ. 80 ತುಂಬಿದರೆ ಕುಟುಂಬ ಪಿಂಚಣಿಯ ಮೇಲೆ ಶೇ. 20 ಹೆಚ್ಚು ದೊರೆಯಬೇಕು. ಆದರೆ ಎಷ್ಟೋ ಪಿಂಚಣಿ ಆದೇಶಗಳಲ್ಲಿ ಆಕೆಯ ಜನ್ಮದಿನಾಂಕವೇ ಇಲ್ಲ. (ನಮ್ಮ ಕಾಲದ ಶಾಲಾ ದಾಖಲೆಗಳಲ್ಲಿ ಊರಿಗೆ ಊರೇ ಜೂನ್ 1ರಂದು ಹುಟ್ಟಿದೆ. ಶಾಲೆಯ ಮೆಟ್ಟಿಲನ್ನೇ ಹತ್ತದ ಆ ತಾಯಂದಿರಿಗೆ ಅಷ್ಟೂ ಭಾಗ್ಯವಿಲ್ಲ.) ಅದನ್ನು ಸರಿಪಡಿಸಿಕೊಡುವುದೂ ಆರೋಗ್ಯದ ಕೆಲಸವೇ, ಏಕೆಂದರೆ ಆ ಹಣದಲ್ಲಿಯೇ ಹಾಲು-ಹಣ್ಣು ಬರಬೇಕು. ಪಿಂಚಣಿಯೇ ಇಲ್ಲದ, 65 ದಾಟಿದ ಮಾಜಿ ಸೈನಿಕರಿಗೂ ವಿಧವೆಯರಿಗೂ ಕೇಂದ್ರದ ಕಡುಬಡತನದ ನೆರವು ಇದೆ. ತಿಂಗಳಿಗೆ 4,000 ರೂಪಾಯಿಯಿದ್ದ ಅದನ್ನು 2025ರಲ್ಲಿ 8,000ಕ್ಕೆ ಏರಿಸಲಾಯಿತು. ಆದರೆ ಅರ್ಜಿ ಬರೆಯಬೇಕು. ಯಾರು ಬರೆಯುತ್ತಾರೆ?

ಸೈನಿಕ ಸ್ವಾಭಿಮಾನಿ, ಅವನು ಕೇಳುವುದಿಲ್ಲ ಎಂಬ ಮಾತನ್ನು ಹೊಗಳಿಕೆಯಂತೆ ಆಡುತ್ತಾರೆ. ನನ್ನ ಕಿವಿಗೆ ಅದು ನಮ್ಮ ಸೋಮಾರಿತನಕ್ಕೆ ಹುಡುಕಿದ ನೆಪದಂತೆ ಕೇಳಿಸುತ್ತದೆ. ಅವನು ಕೇಳದಿದ್ದರೆ ನೀವು ಹೋಗಿ ಕೇಳಿ.

ಪ್ರತಿ ತಾಲೂಕು ಸಂಘವೂ 75 ದಾಟಿದ ಸದಸ್ಯರ ಮತ್ತು ವಿಧವೆಯರ ಪಟ್ಟಿಯೊಂದನ್ನು ಬರೆದಿಡಲಿ. ಒಬ್ಬ ಕಿರಿಯ ಸದಸ್ಯನಿಗೆ ಐದು ಮನೆ ಸಾಕು. ತಿಂಗಳಿಗೊಮ್ಮೆ ಹೋಗಿ, ಚಹಾ ಕುಡಿದು, ಗುಳಿಗೆಯ ಡಬ್ಬಿ ತೆರೆದು ನೋಡಿ ಬರಲಿ. ಆಸ್ಪತ್ರೆಗೆ ಹೋಗುವ ದಿನ ಜೊತೆಗೆ ನಡೆಯಲಿ. ಬರುವ ಜುಲೈನ ಶಾಲುಗಳ ಹಣದಲ್ಲಿ ರಕ್ತದೊತ್ತಡ ಅಳೆಯುವ ಎರಡು ಯಂತ್ರ ಕೊಂಡು, ಒಂದನ್ನು ಭಾಲ್ಕಿಯಲ್ಲಿ, ಇನ್ನೊಂದನ್ನು ಔರಾದದಲ್ಲಿ ಇಡಿ. ಸೇನೆಯ ವೈದ್ಯಕೀಯ ದಳದಲ್ಲಿ ನರ್ಸಿಂಗ್ ಸಹಾಯಕರಾಗಿ ನಿವೃತ್ತರಾದವರು ನಿಮ್ಮ ನಡುವೆಯೇ ಇದ್ದರೆ, ಅಳೆಯುವ ಕೆಲಸವನ್ನು ಅವರಿಗೇ ವಹಿಸಿ.