ರಾಜೇಶ್ವರಿ ಕಾರು ಕೇಳಲಿಲ್ಲ, ನನ್ನ ತಂಗಿ ಕೇಳಿದ್ದು ಒಂದೇ ಓವರ್

2025ರ ನವೆಂಬರ್ 2, ಭಾನುವಾರ. ಅಂದು ರಾತ್ರಿ ತಿಕೋಟಾದ ನಮ್ಮ ಮನೆಯಲ್ಲಿ ಯಾರೂ ಬೇಗ ಮಲಗಲಿಲ್ಲ. ನವಿ ಮುಂಬೈನಲ್ಲಿ ಮಳೆ ಬಂದು ಮಹಿಳಾ ವಿಶ್ವಕಪ್ ಫೈನಲ್ ಎರಡು ತಾಸು ತಡವಾಗಿ ಶುರುವಾಗಿತ್ತು. ದ್ರಾಕ್ಷಿ ತೋಟಕ್ಕೆ ನೀರು ಬಿಟ್ಟು ಬಂದ ಅಪ್ಪ, ಕೆಲಸ ಮುಗಿಸಿದ ಅವ್ವ, ಪಿಯುಸಿ ಓದುವ ತಂಗಿ ಮತ್ತು ನಾನು ಒಂದೇ ಮೊಬೈಲ್ ಮುಂದೆ ಕುಳಿತಿದ್ದೆವು. ಮಧ್ಯರಾತ್ರಿಯ ಹೊತ್ತಿಗೆ ದೀಪ್ತಿ ಶರ್ಮಾ ಎಸೆತವನ್ನು ನದೀನ್ ಡಿ ಕ್ಲರ್ಕ್ ಎತ್ತಿ ಹೊಡೆದರು. ನಾಯಕಿ ಹರ್ಮನ್‌ಪ್ರೀತ್ ಕೌರ್ ಹಿಂದಕ್ಕೆ ಓಡಿ ಕ್ಯಾಚ್ ಹಿಡಿದರು. ದಕ್ಷಿಣ ಆಫ್ರಿಕಾ ವಿರುದ್ಧ ಭಾರತ 52 ರನ್‌ಗಳಿಂದ ಗೆದ್ದು ಮೊದಲ ಬಾರಿ ಚಾಂಪಿಯನ್ ಆಯಿತು.

ನಾನು ಕೂಗಾಡಿದೆ. ತಂಗಿ ಚಪ್ಪಾಳೆ ತಟ್ಟಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: ‘ಅಣ್ಣಾ, ಈಗರ ನನಗ ಒಂದ ಓವರ್ ಕೊಡ್ತೀರೇನು?’

ಆ ಪ್ರಶ್ನೆ ಹೊಸದಲ್ಲ. ಬೇಸಿಗೆ ರಜೆಯಲ್ಲಿ ನಾವು ಹುಡುಗರು ಊರ ಬಯಲಿನಲ್ಲಿ ಟೆನಿಸ್ ಬಾಲ್ ಪಂದ್ಯ ಆಡುವಾಗ ಅವಳು ಬಂದು ಇದನ್ನೇ ಕೇಳಿದ್ದಳು. ಗೆಳೆಯರ ಮುಂದೆ ನಾಚಿಕೆಯಾಗಿ, ‘ಇದು ಹುಡುಗರ ಆಟ, ನೀ ಮನಿಗೆ ಹೋಗ’ ಎಂದು ಕಳುಹಿಸಿದ್ದೆ. ಅದನ್ನು ನಾನು ಮರೆತಿದ್ದೆ. ಅವಳು ಮರೆತಿರಲಿಲ್ಲ.

ಕಳೆದ ವರ್ಷದ ಕ್ರಿಕೆಟ್ ಸೀಸನ್ ದೊಡ್ಡದಾಗಿತ್ತು. ಜೂನ್‌ನಿಂದ ಆಗಸ್ಟ್‌ವರೆಗೆ ಇಂಗ್ಲೆಂಡ್ ಪ್ರವಾಸ. ಸರಣಿ 2–2ರಲ್ಲಿ ಸಮ. ನಮ್ಮ ಕೆ.ಎಲ್. ರಾಹುಲ್ 532 ರನ್ ಗಳಿಸಿದರು. ಓವಲ್‌ನಲ್ಲಿ 6 ರನ್‌ಗಳಿಂದ ಗೆದ್ದ ಟೆಸ್ಟ್‌ನಲ್ಲಿ ಪ್ರಸಿದ್ಧ ಕೃಷ್ಣ 8 ವಿಕೆಟ್ ಪಡೆದರು. ಸೆಪ್ಟೆಂಬರ್‌ನಲ್ಲಿ ದುಬೈನಲ್ಲಿ ಪಾಕಿಸ್ತಾನವನ್ನು ಸೋಲಿಸಿ ಏಷ್ಯಾ ಕಪ್ ಗೆದ್ದೆವು. ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ ಎದುರು ತವರಿನಲ್ಲೇ ಟೆಸ್ಟ್ ಸರಣಿಯನ್ನು 0–2ರಿಂದ ಸೋತೆವು. ಕಾಲೇಜಿಗೆ ಹೋಗುವ ವಿಜಯಪುರದ ಬಸ್ಸಿನಲ್ಲಿ ಇವೆಲ್ಲದರ ಚರ್ಚೆ ಬಾಯಿಪಾಠದಂತೆ ನಡೆಯುತ್ತಿತ್ತು. ಆದರೆ ಮಹಿಳಾ ವಿಶ್ವಕಪ್‌ನ ಲೀಗ್ ಹಂತದಲ್ಲಿ ಭಾರತ ಸತತ ಮೂರು ಪಂದ್ಯ ಸೋತಾಗ ‘ಮುಗೀತು’ ಎಂದು ಸ್ಕ್ರೋಲ್ ಮಾಡಿದವರಲ್ಲಿ ನಾನೂ ಒಬ್ಬ. ಸೆಮಿಫೈನಲ್‌ನಲ್ಲಿ ಜೆಮಿಮಾ ರಾಡ್ರಿಗಸ್ ಅಜೇಯ 127 ರನ್ ಹೊಡೆದು ಆಸ್ಟ್ರೇಲಿಯಾದ 338 ರನ್‌ಗಳ ಮೊತ್ತವನ್ನು ದಾಟಿಸಿದ ಮೇಲೆಯೇ ನಾನು ಮತ್ತೆ ನೋಡತೊಡಗಿದ್ದು.

ಈ ಗೆಲುವಿನ ಸಂಭ್ರಮದಲ್ಲಿ ನಾವು ಹೆಚ್ಚು ಮಾತನಾಡದ ಒಂದು ಸಂಗತಿಯಿದೆ. ಈ ವಿಶ್ವಕಪ್‌ನಲ್ಲಿ ಕರ್ನಾಟಕ ಎರಡು ರೀತಿಯಲ್ಲಿ ಗೈರಾಗಿತ್ತು.

ಮೊದಲನೆಯದು ಮೈದಾನ. ಮೂಲ ವೇಳಾಪಟ್ಟಿಯ ಪ್ರಕಾರ ಉದ್ಘಾಟನಾ ಪಂದ್ಯ ಮತ್ತು ಒಂದು ಸೆಮಿಫೈನಲ್ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆಯಬೇಕಿತ್ತು. ಪಾಕಿಸ್ತಾನ ಫೈನಲ್ ತಲುಪದಿದ್ದರೆ ಫೈನಲ್ ಕೂಡ ಅಲ್ಲೇ. ಆದರೆ ಜೂನ್ 4ರಂದು ಆರ್‌ಸಿಬಿ ವಿಜಯೋತ್ಸವದ ವೇಳೆ ಕ್ರೀಡಾಂಗಣದ ಹೊರಗೆ ಕಾಲ್ತುಳಿತವಾಗಿ 11 ಮಂದಿ ಸತ್ತರು. ಆನಂತರ ಪಂದ್ಯಗಳಿಗೆ ಪೊಲೀಸ್ ಅನುಮತಿ ಸಿಗಲಿಲ್ಲ. ಆಗಸ್ಟ್‌ನಲ್ಲಿ ಐಸಿಸಿ ಬೆಂಗಳೂರನ್ನು ಕೈಬಿಟ್ಟು ನವಿ ಮುಂಬೈಯನ್ನು ಆರಿಸಿತು. ಸತ್ತವರಲ್ಲಿ ಹೆಚ್ಚಿನವರು ನಮ್ಮಂಥ ಯುವಕ ಯುವತಿಯರು. ಆ ಜೀವಗಳ ಮುಂದೆ ಒಂದು ಫೈನಲ್ ಕೈತಪ್ಪಿದ್ದು ದೊಡ್ಡದಲ್ಲ. ಆದರೆ ಸಂಭ್ರಮಕ್ಕೆ ಸಿದ್ಧತೆ ಇಲ್ಲದಿದ್ದರೆ ಏನಾಗುತ್ತದೆ ಎಂಬ ಪಾಠ ಅದರಲ್ಲಿದೆ.

ಎರಡನೆಯದು ಆಟಗಾರ್ತಿಯರು. ಕಪ್ ಎತ್ತಿದ ತಂಡದಲ್ಲಿ ಕರ್ನಾಟಕದ ಒಬ್ಬರೂ ಇರಲಿಲ್ಲ. ಆರ್‌ಸಿಬಿಯ ಶ್ರೇಯಾಂಕಾ ಪಾಟೀಲ ಗಾಯದಿಂದಾಗಿ ಬಹುಕಾಲ ಹೊರಗಿದ್ದರು. 2017ರ ವಿಶ್ವಕಪ್ ತಂಡವನ್ನು ನೆನಪಿಸಿಕೊಳ್ಳಿ. ಕಡೂರಿನ ವೇದಾ ಕೃಷ್ಣಮೂರ್ತಿ ಇದ್ದರು. ನಮ್ಮ ವಿಜಯಪುರದ ರಾಜೇಶ್ವರಿ ಗಾಯಕವಾಡ ಇದ್ದರು.

ಆಗ ನನಗೆ ಹನ್ನೆರಡು ವರ್ಷ. 2017ರ ಜುಲೈ 15ರಂದು ಡರ್ಬಿಯಲ್ಲಿ ನ್ಯೂಜಿಲೆಂಡ್ ವಿರುದ್ಧ ಗೆದ್ದರೆ ಮಾತ್ರ ಸೆಮಿಫೈನಲ್ ಎಂಬ ಸ್ಥಿತಿ. ಆ ಟೂರ್ನಿಯಲ್ಲಿ ಅಂದೇ ಮೊದಲ ಬಾರಿ ಅವಕಾಶ ಪಡೆದ ರಾಜೇಶ್ವರಿ 15 ರನ್ ಕೊಟ್ಟು 5 ವಿಕೆಟ್ ಕಿತ್ತರು. ನ್ಯೂಜಿಲೆಂಡ್ 79ಕ್ಕೆ ಆಲೌಟ್. ಎಂಟು ದಿನಗಳ ಬಳಿಕ ಲಾರ್ಡ್ಸ್‌ನಲ್ಲಿ ಫೈನಲ್. 3 ವಿಕೆಟ್‌ಗೆ 191 ರನ್ ಗಳಿಸಿದ್ದ ಭಾರತ 219ಕ್ಕೆ ಕುಸಿದು ಇಂಗ್ಲೆಂಡ್‌ಗೆ 9 ರನ್‌ಗಳಿಂದ ಸೋತಿತು. ಬಿದ್ದ ಕೊನೆಯ ವಿಕೆಟ್ ರಾಜೇಶ್ವರಿ ಅವರದು. ಮಹಿಳಾ ಕ್ರಿಕೆಟ್ ಅನ್ನು ದೇಶ ಗಂಭೀರವಾಗಿ ನೋಡತೊಡಗಿದ್ದು ಆ ಸೋಲಿನಿಂದಲೇ. ಮುಂದೆ 2022ರ ಅಕ್ಟೋಬರ್‌ನಲ್ಲಿ ಬಿಸಿಸಿಐ ಪುರುಷರಷ್ಟೇ ಪಂದ್ಯ ಶುಲ್ಕವನ್ನು ಮಹಿಳೆಯರಿಗೂ ಘೋಷಿಸಿತು. 2023ರಲ್ಲಿ ಡಬ್ಲ್ಯುಪಿಎಲ್ ಶುರುವಾಯಿತು. 2025ರ ಕಪ್ ಒಂದು ರಾತ್ರಿಯಲ್ಲಿ ಬಂದದ್ದಲ್ಲ.

ಲಾರ್ಡ್ಸ್‌ನಿಂದ ಮರಳಿದ ರಾಜೇಶ್ವರಿ ಅವರಿಗೆ ಆಗ ಸಚಿವರಾಗಿದ್ದ, ನಮ್ಮ ಬಬಲೇಶ್ವರ ಕ್ಷೇತ್ರದ ಶಾಸಕ ಎಂ.ಬಿ. ಪಾಟೀಲರು ಕಾರು ಕೊಡಲು ಮುಂದಾದರು. ರಾಜೇಶ್ವರಿ ಬೇಡವೆಂದರು. ಕುಟುಂಬ ಬಾಡಿಗೆ ಮನೆಯಲ್ಲಿದೆ, ಕಾರಿಗಿಂತ ಮನೆ ಮುಖ್ಯ ಎಂದರು. ಆಗ ಆ ಸುದ್ದಿ ಓದಿ ಕೆಲವರು ನಕ್ಕಿದ್ದರು. ಈಗ ಯೋಚಿಸಿದರೆ ಇಡೀ ವಿಷಯ ಆ ಉತ್ತರದಲ್ಲೇ ಇದೆ ಅನಿಸುತ್ತದೆ. ಕಾರು ಗೆದ್ದ ಮೇಲೆ ಬರುವ ಬಹುಮಾನ. ಮನೆ ಆಡಲು ಬೇಕಾದ ನೆಲೆ. ನಾವು ಬಹುಮಾನ ಕೊಡುವುದರಲ್ಲಿ ಮುಂದು, ನೆಲೆ ಒದಗಿಸುವುದರಲ್ಲಿ ಹಿಂದು.

ಆ ಕಾಲದ ಆಟಗಾರ್ತಿಯರಿಗೆ ನೆಲೆ ಕೊಟ್ಟದ್ದು ರೈಲ್ವೆ. 2017ರ ತಂಡದ 15 ಮಂದಿಯಲ್ಲಿ 10 ಮಂದಿ ರೈಲ್ವೆ ಉದ್ಯೋಗಿಗಳು. ರಾಜೇಶ್ವರಿ, ವೇದಾ ಇಬ್ಬರೂ ಅದರಲ್ಲಿದ್ದರು. ಕೆಲಸಕ್ಕಾಗಿ ಓದುತ್ತಿರುವ ನಮಗೆ ಇದರ ಬೆಲೆ ಗೊತ್ತು. ತಿಂಗಳ ಸಂಬಳ ಖಾತ್ರಿಯಿದ್ದುದರಿಂದ ಅವರು ಮೂವತ್ತರವರೆಗೂ ಆಟ ಬಿಡದೆ ಉಳಿದರು. ಈಗ ಗುತ್ತಿಗೆ, ಲೀಗ್‌ಗಳ ಹಣ ಬಂದಿದೆ. ಡಿಸೆಂಬರ್‌ನಲ್ಲಿ ಬಿಸಿಸಿಐ ದೇಶೀಯ ಹಿರಿಯ ಮಹಿಳಾ ಕ್ರಿಕೆಟ್‌ನ ದಿನದ ಶುಲ್ಕವನ್ನು 20 ಸಾವಿರದಿಂದ 50 ಸಾವಿರ ರೂಪಾಯಿಗೆ ಏರಿಸಿದೆ. ಆದರೆ ರಾಜ್ಯ ತಂಡದವರೆಗೆ ತಲುಪಿದವರಿಗೆ ಮಾತ್ರ ಆ ಹಣ. ತಿಕೋಟಾದ ಬಯಲಿನಿಂದ ಅಲ್ಲಿಯವರೆಗಿನ ದಾರಿಯಲ್ಲಿ ಏನಿದೆ?

ಬೇರೆಡೆಯ ಉದಾಹರಣೆ ನೋಡೋಣ. ಸ್ಮೃತಿ ಮಂದಾನ ಬೆಳೆದದ್ದು ಸಾಂಗಲಿಯಲ್ಲಿ. ನಮ್ಮ ಒಣದ್ರಾಕ್ಷಿ ಮಾರಾಟಕ್ಕೆ ಹೋಗುವುದು ಅದೇ ಸಾಂಗಲಿ, ತಾಸಗಾಂವಕ್ಕೆ. ನಮಗೆ ಬೆಂಗಳೂರಿಗಿಂತ ಬಹಳ ಹತ್ತಿರ. ಶ್ರೀ ಚರಣಿ ಆಂಧ್ರದ ಕಡಪ ಜಿಲ್ಲೆಯವರು. ಕ್ರಾಂತಿ ಗೌಡ್ ಮಧ್ಯಪ್ರದೇಶದ ಛತ್ತರ್‌ಪುರ ಜಿಲ್ಲೆಯ ಘುವಾರಾದವರು. ಫೈನಲ್‌ನಲ್ಲಿ 87 ರನ್ ಹೊಡೆದು ಎರಡು ವಿಕೆಟ್ ಪಡೆದ ಶಫಾಲಿ ವರ್ಮಾ, ರೋಹ್ಟಕ್‌ನಲ್ಲಿ ಹುಡುಗಿಯರನ್ನು ಸೇರಿಸಿಕೊಳ್ಳದ ಕಾರಣ ಕೂದಲು ಕತ್ತರಿಸಿಕೊಂಡು ಹುಡುಗನಂತೆ ಆಡಿದವರು. ಇವರೆಲ್ಲರ ಕಥೆಯಲ್ಲಿ ಎಲ್ಲೋ ಒಂದು ಕಡೆ ಯಾರೋ ಅವರ ಕೈಗೆ ಚೆಂಡು ಅಥವಾ ಬ್ಯಾಟು ಕೊಟ್ಟಿದ್ದಾರೆ. ಶಫಾಲಿಯ ಕಥೆ ಓದಿದಾಗ, ಅವರನ್ನು ಹಿಂದೆ ಕಳುಹಿಸಿದವರ ಸಾಲಿನಲ್ಲಿ ನಾನೂ ನಿಂತಂತೆ ಅನಿಸಿತು.

ನಮ್ಮ ಜಿಲ್ಲೆಗೆ ಸೈಕ್ಲಿಂಗ್‌ನಲ್ಲಿ ರಾಷ್ಟ್ರಮಟ್ಟದ ಹೆಸರಿದೆ. ಹಳ್ಳಿಯ ಹುಡುಗ ಹುಡುಗಿಯರು ಪದಕ ತಂದಿದ್ದಾರೆ. ಅದಕ್ಕೆ ಕಾರಣ ಇಲ್ಲಿನ ನೀರು, ಗಾಳಿ ಅಲ್ಲ. ಕ್ರೀಡಾ ನಿಲಯ ಇತ್ತು, ಹೇಳಿಕೊಡುವವರು ಇದ್ದರು. ಕ್ರಿಕೆಟ್‌ಗೂ ಇದೇ ಲೆಕ್ಕ. ತಾಲ್ಲೂಕಿಗೆ ಸ್ಟೇಡಿಯಂ ಬೇಕೆಂದು ನಾನು ಹೇಳುತ್ತಿಲ್ಲ. ಒಂದು ಮ್ಯಾಟ್ ಪಿಚ್, ವಾರಕ್ಕೆ ಎರಡು ದಿನ ಹುಡುಗಿಯರಿಗೆಂದೇ ಮೀಸಲಾದ ಹೊತ್ತು, ತಿಂಗಳಿಗೊಮ್ಮೆಯಾದರೂ ಬಂದು ನೋಡುವ ತರಬೇತುದಾರರು. ರಾಜ್ಯ ಕ್ರಿಕೆಟ್ ಸಂಸ್ಥೆಗೆ ಡಿಸೆಂಬರ್‌ನಲ್ಲಿ ವೆಂಕಟೇಶ್ ಪ್ರಸಾದ್ ಅಧ್ಯಕ್ಷರಾಗಿದ್ದಾರೆ. ಚಿನ್ನಸ್ವಾಮಿಗೆ ಪಂದ್ಯ ಮರಳಿ ತರುವುದರ ಜೊತೆಗೆ ತಾಲ್ಲೂಕುಗಳ ಕಡೆಗೂ ಅವರ ಗಮನ ಬೀಳಲಿ.

‘ಎಲ್ಲರೂ ಸ್ಮೃತಿ ಆಗುತ್ತಾರಾ? ಓದಿ ಕೆಲಸ ಹಿಡಿಯುವುದು ಬಿಟ್ಟು ಇದೇಕೆ?’ ಎಂದು ನನ್ನ ಗೆಳೆಯನೊಬ್ಬ ಕೇಳಿದ. ಸರಿಯಾದ ಪ್ರಶ್ನೆಯೇ. ತಂಡದಲ್ಲಿ ಇರುವುದು ಹನ್ನೊಂದೇ ಸ್ಥಾನ. ನನ್ನ ತಂಗಿ ಭಾರತಕ್ಕೆ ಆಡುತ್ತಾಳೆಂದು ನಾನು ಹೇಳಲಾರೆ. ಆದರೆ ನಾನು ಹತ್ತು ವರ್ಷದವನಿದ್ದಾಗ ನನ್ನ ಕೈಗೆ ಚೆಂಡು ಕೊಟ್ಟವರು ‘ನೀನು ಭಾರತಕ್ಕೆ ಆಡುತ್ತೀಯಾ?’ ಎಂದು ಕೇಳಿರಲಿಲ್ಲ. ನಾನು ಆಡಲಿಲ್ಲ, ಎಂಜಿನಿಯರಿಂಗ್ ಸೇರಿದೆ. ಆದರೂ ಆ ಬಯಲು ನನ್ನದೇ ಎಂಬ ಭಾವನೆ ಉಳಿಯಿತು. ಹುಡುಗಿ ಕೇಳಿದಾಗ ಮಾತ್ರ ನಮಗೆ ‘ಇದರಿಂದ ಏನು ಪ್ರಯೋಜನ’ ಎಂಬ ಲೆಕ್ಕ ನೆನಪಾಗುತ್ತದೆ.

ಫೈನಲ್ ನಂತರದ ಭಾನುವಾರ ತಂಗಿಯನ್ನು ಬಯಲಿಗೆ ಕರೆದುಕೊಂಡು ಹೋದೆ. ಇಬ್ಬರು ಗೆಳೆಯರು ಮುಖ ಸಿಂಡರಿಸಿದರು, ಒಬ್ಬ ನಕ್ಕ, ಉಳಿದವರು ಸುಮ್ಮನಿದ್ದರು. ಅವಳು ಒಂದು ಓವರ್ ಹಾಕಿದಳು. ಮೂರು ವೈಡ್, ಎರಡು ಬೌಂಡರಿ, ಒಟ್ಟು 14 ರನ್. ವಿಕೆಟ್ ಬೀಳಲಿಲ್ಲ. ಚೆಂಡು ವಾಪಸ್ ಕೊಡುತ್ತಾ ಕೇಳಿದಳು: ‘ಮುಂದಿನ ವಾರ?’

ಬರುವ ಜೂನ್‌ನಲ್ಲಿ ಇಂಗ್ಲೆಂಡ್‌ನಲ್ಲಿ ಮಹಿಳಾ ಟಿ20 ವಿಶ್ವಕಪ್. ಜುಲೈ 5ರ ಫೈನಲ್ ಲಾರ್ಡ್ಸ್‌ನಲ್ಲಿ, 2017ರಲ್ಲಿ ನಮ್ಮ ರಾಜೇಶ್ವರಿ ನಿಂತಿದ್ದ ಅದೇ ಮೈದಾನದಲ್ಲಿ. ಆಗ ನನಗೆ ಸೆಮಿಸ್ಟರ್ ಪರೀಕ್ಷೆ ಇರಬಹುದು. ಆದರೂ ಈ ಬಾರಿ ಮೊದಲ ಪಂದ್ಯದಿಂದಲೇ ನೋಡುತ್ತೇನೆ. ಅಲ್ಲಿಯವರೆಗೆ ಪ್ರತಿ ಭಾನುವಾರ ನಮ್ಮ ಬಯಲಿನಲ್ಲಿ ಒಂದು ಓವರ್ ಅವಳದು. ನಿಮ್ಮೂರಲ್ಲೂ ಯಾರಾದರೂ ಕೇಳಿದ್ದರೆ, ಆ ಓವರ್ ಕೊಟ್ಟುಬಿಡಿ.