ಶಿಬಿರದಲ್ಲಿ ಮೂತ್ರಕ್ಕೂ ಒಂದು ಮೇಜಿರಲಿ

ಮುಂಬೈಯ ಗ್ರಾಂಟ್ ರೋಡ್ ಸ್ಟೇಷನ್ನಿನ ಪಶ್ಚಿಮಕ್ಕೆ ಇಳಿದರೆ ಭಾಜಿ ಗಲ್ಲಿ, ಆಮೇಲೆ ನಾನಾ ಚೌಕ, ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಗಾಮ್‌ದೇವಿ. ಕೆನರಾ ಸೀಮೆಯಿಂದ ಬಂದ ಚಿತ್ರಾಪುರ ಸಾರಸ್ವತರು 1915ರಲ್ಲಿ ಸಹಕಾರಿ ವಸತಿ ಸಂಘ ಕಟ್ಟಿಕೊಂಡದ್ದು ಇಲ್ಲಿಯೇ. ಪಕ್ಕದ ತಾಡ್‌ದೇವ್‌ನಲ್ಲಿ ತಲ್ಮಕಿವಾಡಿ ಈಗಲೂ ಇದೆ. ಉಡುಪಿ, ಕುಂದಾಪುರದ ಕಡೆಯಿಂದ ಹೋಟೆಲ್ ಕೆಲಸ ಹುಡುಕಿಕೊಂಡು ಬಂದವರಿಗಂತೂ ಲೆಕ್ಕವಿಲ್ಲ. ಊರು ಬಿಟ್ಟವರು ಸಂಘ ಕಟ್ಟುವುದರಲ್ಲಿ ಗಟ್ಟಿಗರು. ಸಂಘ ಎಂದ ಮೇಲೆ ವರ್ಷಕ್ಕೊಂದಾದರೂ ಉಚಿತ ಆರೋಗ್ಯ ಶಿಬಿರ ಇದ್ದೇ ಇರುತ್ತದೆ.

ಇಂಥ ಶಿಬಿರಗಳಲ್ಲಿ ಸಾಮಾನ್ಯವಾಗಿ ಬೆರಳು ಚುಚ್ಚಿ ಶುಗರ್ ನೋಡುತ್ತಾರೆ, ಬಿಪಿ ನೋಡುತ್ತಾರೆ, ತೂಕ ಬರೆದುಕೊಳ್ಳುತ್ತಾರೆ. ಕಿಡ್ನಿಯ ಮಾತು ಬಂದರೆ ಹೆಚ್ಚೆಂದರೆ ಕ್ರಿಯಾಟಿನಿನ್. ಅದು ನಾರ್ಮಲ್ ಎಂದು ಗೊತ್ತಾದರೆ ಮನೆಮಂದಿಗೆಲ್ಲ ನೆಮ್ಮದಿ. ಆ ನೆಮ್ಮದಿಗೆ ಆಧಾರ ಕಡಿಮೆ. ಕಿಡ್ನಿಯ ಶಕ್ತಿ ಹತ್ತಿರ ಹತ್ತಿರ ಅರ್ಧ ಹೋಗುವವರೆಗೂ ಆ ಅಂಕಿ ಮಿತಿಯೊಳಗೇ ಇರಬಹುದು.

ಒಳಗೆ ನಡೆಯುವುದನ್ನು ನೋಡಿದರೆ ಇದು ಅರ್ಥವಾಗುತ್ತದೆ. ಒಂದೊಂದು ಕಿಡ್ನಿಯಲ್ಲೂ ರಕ್ತ ಸೋಸುವ ಸೂಕ್ಷ್ಮ ಗೊಂಚಲುಗಳು ಸುಮಾರು 10 ಲಕ್ಷ. ಎರಡೂ ಸೇರಿ ದಿನಕ್ಕೆ 180 ಲೀಟರ್‌ನಷ್ಟು ದ್ರವ ಸೋಸುತ್ತವೆ. ಅದರಲ್ಲಿ ಒಂದೆರಡು ಲೀಟರ್ ಬಿಟ್ಟು ಉಳಿದದ್ದೆಲ್ಲ ಸಕ್ಕರೆ, ಉಪ್ಪಿನ ಸಮೇತ ವಾಪಸ್ ರಕ್ತಕ್ಕೆ ಹೋಗುತ್ತದೆ. ಸಕ್ಕರೆ ಕಾಯಿಲೆಯಿಂದ ರಕ್ತದಲ್ಲಿ ಸಕ್ಕರೆ ಏರಿದಾಗ ಕಿಡ್ನಿಯ ನಳಿಕೆಗಳು ಅದನ್ನೂ ಹೆಚ್ಚು ಹೆಚ್ಚು ಹೀರಿಕೊಳ್ಳುತ್ತವೆ, ಜೊತೆಗೆ ಸೋಡಿಯಂ ಕೂಡ. ಹೀಗಾಗಿ ಮುಂದಿನ ಭಾಗಕ್ಕೆ ತಲುಪುವ ಉಪ್ಪು ಕಡಿಮೆ. ಅಲ್ಲಿ ಕಾವಲಿಗಿರುವ ಜೀವಕೋಶಗಳು ಸೋಸುವುದೇ ಕಡಿಮೆಯಾಯಿತೆಂದು ಭ್ರಮಿಸಿ, ಗೊಂಚಲಿಗೆ ರಕ್ತ ತರುವ ನಾಳವನ್ನು ಹಿಗ್ಗಿಸಿಬಿಡುತ್ತವೆ. ಹೊರಹೋಗುವ ನಾಳವನ್ನು ಆಂಜಿಯೋಟೆನ್ಸಿನ್ ಎಂಬ ರಾಸಾಯನಿಕ ಬಿಗಿ ಹಿಡಿದಿರುತ್ತದೆ. ನಡುವೆ ಒತ್ತಡ ಏರುತ್ತದೆ, ಕಿಡ್ನಿ ಬೇಕಾದ್ದಕ್ಕಿಂತ ಹೆಚ್ಚು ಸೋಸುತ್ತದೆ. ಚೋದ್ಯವೆಂದರೆ, ಕೆಡುಕು ಶುರುವಾದ ಈ ವರ್ಷಗಳಲ್ಲಿ ಕ್ರಿಯಾಟಿನಿನ್ ರಿಪೋರ್ಟ್ ಬಹಳ ಚೆನ್ನಾಗಿ ಕಾಣಬಹುದು.

ಒತ್ತಡ ತಾಳದೆ ಮೊದಲು ಕಳಚಿಕೊಳ್ಳುವುದು ಪೋಡೋಸೈಟ್ ಎಂಬ ಜೀವಕೋಶಗಳು. ಸೋಸುಪರದೆಯನ್ನು ಹೊರಗಿನಿಂದ ಅಪ್ಪಿ ಹಿಡಿದಿರುವ ಇವು ಒಮ್ಮೆ ಹೋದರೆ ಮತ್ತೆ ಹುಟ್ಟುವುದು ತೀರಾ ಕಡಿಮೆ. ಅವು ಬಿಟ್ಟ ಜಾಗದಿಂದ ಆಲ್ಬುಮಿನ್ ಎಂಬ ಪ್ರೋಟೀನ್ ಮೂತ್ರಕ್ಕೆ ಜಿನುಗುತ್ತದೆ. ಇತ್ತ ಸಕ್ಕರೆ ಅಂಟಿಕೊಂಡ ಪ್ರೋಟೀನುಗಳು, ಉರಿಯೂತ, ಒತ್ತಡ ಎಲ್ಲ ಸೇರಿ ಟಿಜಿಎಫ್-ಬೀಟಾ ಎಂಬ ಸಂಕೇತವನ್ನು ಎಬ್ಬಿಸುತ್ತವೆ. ಗಾಯ ಮಾಯಿಸಲು ಮೈಗೆ ಬೇಕೇ ಬೇಕಾದ ಸಂಕೇತ ಅದು. ಆದರೆ ಇಲ್ಲಿ ಅದು ರಿಪೇರಿ ಮುಗಿದರೂ ಮನೆ ಬಿಟ್ಟು ಹೋಗದ ಗಾರೆ ಕೆಲಸದವನ ಹಾಗೆ. ಕೊಲಾಜೆನ್ ಮೆತ್ತುತ್ತಲೇ ಇರುತ್ತದೆ, ಕಡೆಗೆ ಓಡಾಡಲು ಜಾಗವೇ ಉಳಿಯುವುದಿಲ್ಲ. ಗೊಂಚಲುಗಳಲ್ಲಿ ಗಂಟು ಕಟ್ಟಿದ ಈ ಕಲೆಯನ್ನು ಕಿಮೆಲ್‌ಸ್ಟೀಲ್ ಮತ್ತು ವಿಲ್ಸನ್ ಎಂಬಿಬ್ಬರು 1936ರಲ್ಲೇ ವರ್ಣಿಸಿದ್ದರು.

ಹಾಗಾದರೆ ಆ ಸಂಕೇತವನ್ನೇ ತಡೆದರಾಯಿತಲ್ಲ? ಪ್ರಯತ್ನ ನಡೆಯಿತು. ಟಿಜಿಎಫ್-ಬೀಟಾ ವಿರುದ್ಧದ ಪ್ರತಿಕಾಯವನ್ನು ಸಕ್ಕರೆ ಕಾಯಿಲೆಯವರಿಗೆ ಕೊಟ್ಟು ನೋಡಿದ ಪ್ರಯೋಗವನ್ನು ಫಲ ಕಾಣದೆ ನಿಲ್ಲಿಸಬೇಕಾಯಿತು. ಫಲ ಸಿಕ್ಕಿದ್ದು ಹೆಚ್ಚಾಗಿ ಮೂಲದ ಒತ್ತಡ ಇಳಿಸುವ ಮದ್ದುಗಳಿಂದ: 1993ರಲ್ಲಿ ಕ್ಯಾಪ್ಟೊಪ್ರಿಲ್, 2001ರಲ್ಲಿ ಲೋಸಾರ್ಟಾನ್, 2019ರಿಂದೀಚೆಗೆ ಕೊನೆಯಲ್ಲಿ ‘ಗ್ಲಿಫ್ಲೋಜಿನ್’ ಎಂದಿರುವ ಗುಳಿಗೆಗಳು. ಈ ಕೊನೆಯವು ನಳಿಕೆಗಳು ಸಕ್ಕರೆ ಹೀರದಂತೆ ಅಡ್ಡಗಟ್ಟುತ್ತವೆ. ಇವುಗಳ ಮೂಲಪುರುಷ ಫ್ಲೊರಿಝಿನ್, ಸೇಬಿನ ಮರದ ತೊಗಟೆಯಿಂದ 1835ರಲ್ಲಿ ಸಿಕ್ಕಿದ ಪದಾರ್ಥ. ಎಂಪಾಗ್ಲಿಫ್ಲೋಜಿನ್ ಪೇಟೆಂಟ್ 2025ರ ಮಾರ್ಚ್‌ನಲ್ಲಿ ಮುಗಿದ ಮೇಲೆ, 60 ರೂಪಾಯಿ ಆಸುಪಾಸಿನ ಗುಳಿಗೆ ಹತ್ತರ ಆಚೀಚೆಗೆ ಇಳಿದಿದೆ. ಎಲ್ಲರಿಗೂ ಒಗ್ಗುವ ಮದ್ದಲ್ಲ, ಡಾಕ್ಟರರೇ ಬರೆಯಬೇಕು. ಆದರೂ ಹೋಟೆಲ್ ಕಾರ್ಮಿಕನ ಕೈಗೆಟಕುವ ಬೆಲೆ ಇದು.

ಕಲೆ ಕರಗುವುದೇ ಇಲ್ಲವೆಂದೂ ಅಲ್ಲ. ಮೇದೋಜೀರಕ ಗ್ರಂಥಿಯ ಕಸಿಯಿಂದ ಸಕ್ಕರೆ ಪೂರಾ ಹತೋಟಿಗೆ ಬಂದ ಎಂಟು ಮಂದಿಯ ಕಿಡ್ನಿಯನ್ನು ಅಮೆರಿಕದ ಸಂಶೋಧಕರು ಪರೀಕ್ಷಿಸಿ 1998ರಲ್ಲಿ ವರದಿ ಮಾಡಿದರು. ಐದು ವರ್ಷಕ್ಕೆ ಏನೂ ಬದಲಾಗಿರಲಿಲ್ಲ, ಹತ್ತು ವರ್ಷಕ್ಕೆ ಗಾಯದ ಗುರುತು ಹಿಂದೆ ಸರಿದಿತ್ತು. ಡಯಾಲಿಸಿಸ್ ಬಾಗಿಲಿಗೆ ಬಂದವನಿಗೆ ಅಷ್ಟು ಪುರುಸೊತ್ತು ಎಲ್ಲಿದೆ?

ಅದಕ್ಕೇ ಶಿಬಿರಗಳಲ್ಲಿ ಮೂತ್ರಕ್ಕೂ ಒಂದು ಮೇಜು ಬೇಕು. ಪರೀಕ್ಷೆಯ ಹೆಸರು ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ, ಖರ್ಚು ಕೆಲವು ನೂರು ರೂಪಾಯಿ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಆಲ್ಬುಮಿನ್ 30 ಮಿಲಿಗ್ರಾಂ ಒಳಗಿದ್ದರೆ ಸರಿ, ಮೇಲಿದ್ದರೆ ಎಚ್ಚರ. ಮಾಮೂಲಿ ಪಟ್ಟಿ ಅದ್ದಿ ನೋಡುವ ವಿಧಾನಕ್ಕೆ ಅಲ್ಪ ಪ್ರಮಾಣದ ಸೋರಿಕೆ ಸಿಕ್ಕುವುದಿಲ್ಲ. ಅದೇ ಮೇಜಿನಲ್ಲಿ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ನೋವಿನ ಮಾತ್ರೆ ಎಷ್ಟು ತಿನ್ನುತ್ತೀರಿ? ಗಲ್ಲೆಯಲ್ಲಿ, ಒಲೆಯ ಮುಂದೆ ಹನ್ನೆರಡು ತಾಸು ದುಡಿದವರ ಸೊಂಟನೋವಿಗೆ ಮೆಡಿಕಲ್ ಶಾಪಿನವನೇ ಡಾಕ್ಟರ್. ಡಿಕ್ಲೋಫೆನಾಕ್ ಮೊದಲೇ ಸೋತ ಕಿಡ್ನಿಗೆ ಹೋಗುವ ರಕ್ತವನ್ನು ಇನ್ನಷ್ಟು ಕಡಿಮೆ ಮಾಡುತ್ತದೆ.

ಜ್ವರ, ಮೂತ್ರದ ಸೋಂಕು, ವಿಪರೀತ ಮೈದಣಿವು ಇದ್ದರೂ ಆಲ್ಬುಮಿನ್ ಕಾಣಿಸಿಕೊಳ್ಳಬಹುದು. ಆದ್ದರಿಂದ ಮೂರರಿಂದ ಆರು ತಿಂಗಳ ಅವಧಿಯಲ್ಲಿ ಮೂರು ಪರೀಕ್ಷೆ ಮಾಡಿ, ಎರಡರಲ್ಲಾದರೂ ಹೆಚ್ಚಿದ್ದರೆ ಮಾತ್ರ ಅದನ್ನು ಕಾಯಿಲೆ ಎನ್ನುತ್ತಾರೆ. ಅಷ್ಟರಲ್ಲಿ ಶಿಬಿರಕ್ಕೆ ಬಂದಿದ್ದ ಹುಡುಗ ಹೋಟೆಲ್ ಬದಲಿಸಿರುತ್ತಾನೆ, ಇಲ್ಲವೇ ಊರಿಗೆ ಹೋಗಿರುತ್ತಾನೆ. ಸಂಘದವರು ಅವನ ಫೋನ್ ನಂಬರನ್ನು ರಿಜಿಸ್ಟರಿನಲ್ಲಿ ಬರೆದಿಟ್ಟು, ಎರಡನೇ ಸಲ ಕರೆಯುವ ಕೆಲಸವನ್ನು ಯಾರಾದರೂ ಒಬ್ಬರಿಗೆ ವಹಿಸಬೇಕು.