ನಾಣ್ಯದ ಮ್ಯಾಲ ಕೋಟೆ, ಕಂದಕದಾಗ ಯಾರು?

ಜರ್ಮನಿ ದೇಶ 2011ರಲ್ಲಿ ಒಂದು ಬಂಗಾರದ ನಾಣ್ಯ ಹೊರಡಿಸಿತು. 100 ಯೂರೋದ್ದು, ಅರ್ಧ ಔನ್ಸ್ ತೂಕ. ಅದರ ಮೇಲೆ ವಾರ್ಟ್‌ಬುರ್ಗ್ ಎಂಬ ಹಳೆಯ ಕೋಟೆ. 1521-22ರಲ್ಲಿ ಮಾರ್ಟಿನ್ ಲೂಥರ್ ಅಲ್ಲಿ ಅಡಗಿ ಕೂತು ಬೈಬಲ್ಲಿನ ಹೊಸ ಒಡಂಬಡಿಕೆಯನ್ನು ಜರ್ಮನ್ ಮಾತಿಗೆ ತಂದ. ಆ ಕೋಟೆಗೆ ಹೆಸರು ಬಂದದ್ದು ಅರಸರಿಂದ ಮಾತ್ರ ಅಲ್ಲ, ಅಕ್ಷರದಿಂದಲೂ.

ನಮ್ಮ ಬೀದರ್ ಕೋಟೆಯದೂ ಒಂದು ನಾಣ್ಯ ಹೊಡೀರಿ ಅಂತ ನಾಳೆ ಯಾರಾದರೂ ಕೇಳಬಹುದು. 2016ರಲ್ಲಿ 500ರ ನೋಟಿಗೆ ಕೆಂಪುಕೋಟೆ ಬಂತು, 2017ರಲ್ಲಿ 50ರ ನೋಟಿಗೆ ಹಂಪಿಯ ಕಲ್ಲಿನ ರಥ ಬಂತು. ಬೀದರ್ ಯಾಕ ಬ್ಯಾಡ? ಬರಲಿ. ಆದರೆ ನಾವು ಒಂದೇ ಮಾತು ಕೇಳ್ತೀವಿ: ಕೋಟೆಯ ಯಾವ ಮಗ್ಗುಲು ಅಚ್ಚು ಹಾಕ್ತೀರಿ?

ಅಷ್ಟೂರಿಗೆ ಹೋಗಿ ನೋಡ್ರಿ. ಬಹಮನಿ ಸುಲ್ತಾನರು ಸಾಲಾಗಿ ಮಲಗ್ಯಾರ. 1436ರಲ್ಲಿ ತೀರಿದ ಅಹಮದ್ ಷಾನ ಗೋರಿಯ ಒಳಗೆ ಗೋಡೆ ತುಂಬ ಬಂಗಾರದ ಬಣ್ಣದ ಬರಹ. ಅವರ ಬಂಗಾರದ ಟಂಕಗಳ ಮೇಲೂ ಅವರದೇ ಹೆಸರು, ಬಿರುದು. ಅಲ್ಲಿಂದ ಕೋಟೆಗೆ ಬರ್ರಿ. ಮೂರು ಸಾಲಿನ ಕಂದಕ, ಕೆಂಪು ಬಂಡೆಯನ್ನೇ ಕಡಿದು ಮಾಡಿದ್ದು. ಕಡಿದವರ ಹೆಸರು ಯಾವ ಟಂಕದ ಮೇಲೆ ಅದ?

ಇನ್ನೊಂದು ಕೋಟೆಯ ಕತೆ ಕೇಳ್ರಿ. 1934ರಲ್ಲಿ ಬಾಬಾಸಾಹೇಬರು ಸಂಗಾತಿಗಳ ಜೊತೆ ದೌಲತಾಬಾದ್ ಕೋಟೆ ನೋಡಲು ಹೋದರು. ಆಗ ಅದೂ ಬೀದರೂ ಒಂದೇ ನಿಜಾಮನ ಸೀಮೆ. ರಂಜಾನ್ ತಿಂಗಳು. ದಾರಿಯ ಧೂಳು ಮೆತ್ತಿದ್ದ ಕೈಕಾಲು ಮುಖವನ್ನು ಬಾಗಿಲ ಬಳಿಯ ಕೊಳದಲ್ಲಿ ತೊಳೆದರು. ಅಷ್ಟಕ್ಕೇ ಕೊಳ ಕೆಟ್ಟಿತೆಂದು ಒಬ್ಬ ಮುದುಕ ಕೂಗುತ್ತ ಬಂದ, ಜನ ಸೇರಿ ಬೈದರು. ಕೊನೆಗೆ ಒಳಗೆ ಬಿಟ್ಟದ್ದು ಹತಿಯಾರ ಹಿಡಿದ ಸಿಪಾಯಿಯ ಕಾವಲಿನಲ್ಲಿ. ಯಾಕೆ? ಎಲ್ಲೂ ನೀರು ಮುಟ್ಟಬಾರದು! ಬೈದವರು ಹಿಂದೂಗಳಲ್ಲ, ಮುಸಲ್ಮಾನರು. ಜಾತಿಯ ರೋಗಕ್ಕೆ ಧರ್ಮದ ಗೋಡೆ ಅಡ್ಡ ಬರಲಿಲ್ಲ. ಇದನ್ನು ಅವರೇ ಬರೆದಿಟ್ಟಾರ.

ಇದಕ್ಕೆ ಹನ್ನೊಂದು ವರ್ಷ ಮೊದಲು, 1923ರಲ್ಲಿ, ಅದೇ ಮನುಷ್ಯ 'ದಿ ಪ್ರಾಬ್ಲಂ ಆಫ್ ದಿ ರುಪಿ' ಎಂಬ ಗ್ರಂಥ ಹೊರತಂದಿದ್ದರು. ಬಂಗಾರಕ್ಕೂ ರೂಪಾಯಿಗೂ ಇರುವ ಲೆಕ್ಕವನ್ನು ಬಿಡಿಸಿಟ್ಟವರಿಗೆ ಕೋಟೆಯಲ್ಲಿ ಬೊಗಸೆ ನೀರಿಲ್ಲ! 1990ರಲ್ಲಿ ಅವರ ಮುಖ ಒಂದು ರೂಪಾಯಿಯ ನಾಣ್ಯದ ಮೇಲೆ ಬಂತು. ಆ ನಾಣ್ಯ ಎಲ್ಲರ ಜೇಬು ಸೇರಿತು. ದುಡ್ಡಿಗೆ ಮೈಲಿಗೆ ಇಲ್ಲ, ನೀರಿಗೆ ಅದ. ಇದೇ ಈ ದೇಶದ ನಾಣ್ಯಶಾಸ್ತ್ರ.

ಆದ್ದರಿಂದ ಬೀದರ್ ಕೋಟೆಯ ನಾಣ್ಯ ಬರುವುದೇ ಆದರೆ ಅದರ ಒಂದು ಮಗ್ಗುಲಿಗೆ ಕಂದಕ ಇರಲಿ, ಬಂಡೆ ಕಡಿಯುವ ಕೈ ಇರಲಿ. ಬಂಗಾರದ್ದು ಮಾತ್ರ ಬ್ಯಾಡ. ಬಂಗಾರ ತಿಜೋರಿ ಸೇರ್ತದ, ನಮ್ಮ ಅವ್ವಂದಿರ ಸೆರಗಿನ ಗಂಟಿಗೆ ಬರೋದಿಲ್ಲ. ಒಂದು ರೂಪಾಯಿಯದೇ ಸಾಕು.

ಹಾಸ್ಟೆಲ್ಲಿನ ಗೆಳೆಯರೇ, ಈ ರವಿವಾರ ಕೋಟೆಗೆ ಹೋದರೆ ಮಹಲು ಆಮೇಲೆ ನೋಡ್ರಿ. ಮೊದಲು ಕಂದಕದ ಅಂಚಿಗೆ ನಿಲ್ರಿ. ನಮ್ಮ ಚರಿತ್ರೆಯನ್ನು ಅಲ್ಲಿಂದ ಓದೋಣ.